ಕಚೇರಿಯ ಮಾತು, ಕೆರೆಯ ಮಾತು: ರೊದ್ದನಾಡಿನ ಕಂದಾಯ ಪದಗಳ ಚರಿತ್ರೆ

ಪೆನ್ನೆಯ ದಂಡೆಯಲ್ಲಿರುವ ರೊದ್ದ ಇಂದು ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಯ ಒಂದು ಮಂಡಲ ಕೇಂದ್ರ. ತೆಲುಗಿನಲ್ಲಿ ಅದು ರೊದ್ದಂ, ಹಳೆಯ ಶಾಸನಗಳಲ್ಲಿ ರೊದ್ದನಾಡು. ಈ ಸೀಮೆಯನ್ನು ಆಳಿದವರ ಸಾಲು ದೊಡ್ಡದು. ಹೇಮಾವತಿಯ ನೊಳಂಬರ ಕಾಲ ಕಳೆದ ಮೇಲೆ ಸಮೀಪದ ಪೆನುಗೊಂಡೆ ವಿಜಯನಗರದ ಮುಖ್ಯ ನೆಲೆಗಳಲ್ಲಿ ಒಂದಾಯಿತು. 1565ರ ಸೋಲಿನ ಬಳಿಕ ರಾಜಧಾನಿಯೂ ಆಯಿತು. 1687ರಲ್ಲಿ ಮೊಗಲರು ಶಿರಾ ಸುಬೆಯನ್ನು ರಚಿಸಿದಾಗ ಪೆನುಗೊಂಡೆ ಅದರ ಏಳು ಪರಗಣೆಗಳಲ್ಲಿ ಒಂದಾಗಿತ್ತು. ಮುಂದೆ ಮರಾಠರು, ಹೈದರ್, ಟಿಪ್ಪು ಬಂದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಸೀಮೆ ನಿಜಾಮನ ಪಾಲಿಗೆ ಹೋಗಿ, ಮರುವರ್ಷವೇ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಇಷ್ಟು ಆಳ್ವಿಕೆಗಳು ಈ ಭಾಗದ ಕನ್ನಡಕ್ಕೆ ತಂದ ಪದಗಳಲ್ಲಿ ಕೆಲವು ಬೇರೂರಿದವು, ಕೆಲವು ಹೇಳಹೆಸರಿಲ್ಲದೆ ಹೋದವು. ಈ ವ್ಯತ್ಯಾಸಕ್ಕೆ ಕಾರಣವೇನು ಎಂಬುದು ಈ ಲೇಖನದ ಪ್ರಶ್ನೆ. ಪದದ ಅಳಿವು ಉಳಿವನ್ನು ತೀರ್ಮಾನಿಸಿದ್ದು ಅರಸನ ಭಾಷೆ ಯಾವುದೆಂಬುದಲ್ಲ, ಬೇಸಾಯಗಾರನ ಮೇಲೆ ಬಿದ್ದ ಹೊಸ ಹೊಣೆ ಮತ್ತು ಆ ಹೊಣೆಯನ್ನು ಬರೆದಿಟ್ಟ ಕಾಗದ ಎಂಬುದು ಇಲ್ಲಿನ ವಾದ.

ಆಳುವವರ ಮಾತು ಆಳಿಸಿಕೊಳ್ಳುವವರ ಮೇಲೆ ಹೇರಿಕೆಯಾಗುತ್ತದೆ ಎಂಬ ವಿವರಣೆ ರೂಢಿಯಲ್ಲಿದೆ. ಈ ಸೀಮೆಯ ಸಾಕ್ಷ್ಯ ಅದನ್ನು ಮೂರು ಕಡೆ ಅಲುಗಾಡಿಸುತ್ತದೆ. ಮೊದಲನೆಯದಾಗಿ, ಅರಬ್ಬಿ, ಪಾರಸಿ ಮೂಲದ ಪದಗಳು ಸುಲ್ತಾನರ ಆಳ್ವಿಕೆಯ ಹೇರಿಕೆಯಿಲ್ಲದೆಯೇ ಇಲ್ಲಿಗೆ ಬಂದಿದ್ದವು. ವಿಜಯನಗರದ ಅರಸರು ಹದಿನಾಲ್ಕನೆಯ ಶತಮಾನದಲ್ಲೇ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದು ಧರಿಸಿದರು. ಸುರತ್ರಾಣ ಎಂಬುದು ಸುಲ್ತಾನ್ ಪದದ ಸಂಸ್ಕೃತ ರೂಪ. ಅಚ್ಯುತರಾಯನ ಕಾಲದ ಲೇಪಾಕ್ಷಿ ಗುಡಿಯ ಚಾವಣಿಯ ಚಿತ್ರಗಳಲ್ಲಿ ಆಸ್ಥಾನಿಕರ ತಲೆಯ ಮೇಲೆ ಚೂಪಾದ ಉದ್ದನೆಯ ಟೋಪಿ ಕಾಣುತ್ತದೆ. ಅದರ ಹೆಸರು ಕುಲ್ಲಾಯಿ, ಪಾರಸಿಯ ಕುಲಾಹ್. ಇಂದು ಕನ್ನಡದಲ್ಲಿ ಮಕ್ಕಳ ಟೋಪಿಗೆ ಹೇಳುವ ಕುಲಾವಿಯೂ ಅದೇ ಬಳ್ಳಿಯದು. ವಸ್ತು ಬೇಕೆನಿಸಿ ಬಂದಾಗ ಹೆಸರೂ ಜೊತೆಗೆ ಬಂತು, ಯಾರ ಒತ್ತಾಯವೂ ಇರಲಿಲ್ಲ. ಎರಡನೆಯದಾಗಿ, ಟಿಪ್ಪು ತಿಂಗಳುಗಳಿಗೆ ಹೊಸ ಹೆಸರಿಟ್ಟ, ವರ್ಷದ ಎಣಿಕೆ ಬದಲಿಸಿದ, ಚಿತ್ರದುರ್ಗವನ್ನು ಫರ್ರುಖ್‌ಯಾಬ್ ಹಿಸಾರ್ ಎಂದು ಕರೆದ. ಆತನ ಆಜ್ಞೆಯ ಬಲ ಕಡಿಮೆಯದಲ್ಲ. ಆದರೂ ಚೈತ್ರ ವೈಶಾಖಗಳು ಚೈತ್ರ ವೈಶಾಖಗಳಾಗಿಯೇ, ಚಿತ್ರದುರ್ಗ ಚಿತ್ರದುರ್ಗವಾಗಿಯೇ ಉಳಿದವು. ಮೂರನೆಯದಾಗಿ, ಪಾರಸಿ ಕಂದಾಯ ಪದಗಳು ಹಳ್ಳಿಹಳ್ಳಿಗೂ ಗಟ್ಟಿಯಾಗಿ ಇಳಿದದ್ದು ಪಾರಸಿಯನ್ನು ಮನೆಮಾತಾಗಿ ಆಡದ ಇಂಗ್ಲಿಷರ ಆಳ್ವಿಕೆಯಲ್ಲಿ. ಹೇರಿಕೆಯೊಂದೇ ಕಾರಣವಾಗಿದ್ದರೆ ಈ ಮೂರೂ ತಿರುವುಮುರುವಾಗಿ ನಡೆಯಬೇಕಿತ್ತು.

ಹಾಗಿದ್ದರೆ ಕಂಪನಿಯ ಕಾಲದಲ್ಲಿ ಹೊಸದಾಗಿ ಆದದ್ದೇನು? ನಿಜಾಮನಿಂದ ಕಂಪನಿಗೆ ಬಂದ ಸೀಮೆಗಳ, ಅಂದರೆ ದತ್ತಮಂಡಲದ, ಪ್ರಧಾನ ಕಲೆಕ್ಟರ್ ಆಗಿ ಥಾಮಸ್ ಮನ್ರೋ 1800ರಿಂದ 1807ರವರೆಗೆ ಇದ್ದ. ಅವನು ಬೆಳೆಸಿದ ರೈತವಾರಿ ಪದ್ಧತಿಯಲ್ಲಿ ಸರ್ಕಾರ ಊರಿನ ಪರವಾಗಿ ಗೌಡನೊಬ್ಬನ ಜೊತೆ ಒಪ್ಪಂದ ಮಾಡಿಕೊಳ್ಳುವ ಬದಲು ಒಬ್ಬೊಬ್ಬ ಬೇಸಾಯಗಾರನ ಜೊತೆಗೂ ನೇರವಾಗಿ ಲೆಕ್ಕ ಇಟ್ಟಿತು. ಅರಬ್ಬಿಯಲ್ಲಿ ಪ್ರಜೆ ಎಂಬ ಅರ್ಥದ ಪದ ಇಲ್ಲಿ ‘ರೈತ’ನಾಗಿ, ಸರ್ಕಾರದ ಪುಸ್ತಕದಲ್ಲಿ ತನ್ನದೇ ಹೆಸರು ಇರುವ, ತನ್ನದೇ ಹೊಲಕ್ಕೆ ತಾನೇ ಹೊಣೆಯಾದ ವ್ಯಕ್ತಿಯನ್ನು ಸೂಚಿಸತೊಡಗಿತು. ಒಕ್ಕಲು, ಕುಳ ಎಂಬ ಹಳೆಯ ಪದಗಳು ಮನೆತನವನ್ನೋ ತೆರಿಗೆಯ ಘಟಕವನ್ನೋ ಹೇಳುತ್ತಿದ್ದವು. ಒಂಟಿಯಾಗಿ ಸರ್ಕಾರದ ಎದುರು ನಿಂತವನನ್ನು ಹೇಳುವ ಪದ ಬೇಕಾಗಿತ್ತು. ಅವನ ಕೈಗೆ ಬಂದದ್ದು ಪಟ್ಟಾ, ಅವನು ಬರೆದುಕೊಟ್ಟದ್ದು ಮುಚ್ಚಳಿಕೆ, ವರ್ಷಕ್ಕೊಮ್ಮೆ ಲೆಕ್ಕ ತೀರ್ಮಾನವಾದದ್ದು ಜಮಾಬಂದಿಯಲ್ಲಿ, ಕಟ್ಟದೆ ಉಳಿದದ್ದು ಬಾಕಿ, ಕಟ್ಟಿದ್ದಕ್ಕೆ ಸಿಕ್ಕಿದ್ದು ರಸೀದಿ. ಇವುಗಳಲ್ಲಿ ಹಲವು ಶಿರಾ ಸುಬೆಯ ಕಾಲದಿಂದಲೂ ಕಚೇರಿಯ ಕಾರಕೂನರಿಗೆ ಗೊತ್ತಿದ್ದವು. ಕಂಪನಿ ಆ ಪದಗಳನ್ನು ಹುಟ್ಟಿಸಲಿಲ್ಲ. ಅವು ಹೆಸರಿಸುವ ಕಾಗದವನ್ನು ಒಂದೊಂದು ಮನೆಯ ಹೊಸ್ತಿಲಿಗೆ ತಂದು ಮುಟ್ಟಿಸಿತು.

ಅಳತೆಯ ಪದಗಳಲ್ಲಿ ಈ ಬದಲಾವಣೆ ಇನ್ನಷ್ಟು ಸ್ಪಷ್ಟ. ಹಿಂದೆ ಹೊಲದ ಗಾತ್ರವನ್ನು ಬಿತ್ತುವ ಬೀಜದಿಂದ ಹೇಳುತ್ತಿದ್ದರು: ಇಷ್ಟು ಕೊಳಗ, ಇಷ್ಟು ಖಂಡುಗ ಬೀಜವರಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಈ ಅಳತೆಯಲ್ಲಿ ನೆಲದ ಗುಣವೂ ಅಡಗಿತ್ತು: ಗದ್ದೆಯ ಒಂದು ಖಂಡುಗಕ್ಕೂ ಬೆದ್ದಲಿನ ಒಂದು ಖಂಡುಗಕ್ಕೂ ವಿಸ್ತಾರದಲ್ಲಿ ಹಲವು ಪಟ್ಟು ಅಂತರ. ಬಿತ್ತುವವನಿಗೆ ಬೇಕಾದ ತಿಳಿವಳಿಕೆ ಇದೇ. ಆದರೆ ರೊದ್ದದ ಬೆದ್ದಲನ್ನು ಬಳ್ಳಾರಿಯ ಎರೆಹೊಲದ ಜೊತೆ ಹೋಲಿಸಿ ತೆರಿಗೆ ನಿಗದಿ ಮಾಡುವ ಕಲೆಕ್ಟರನಿಗೆ ಇದರಿಂದ ಕೆಲಸ ಆಗದು. ಮನ್ರೋನ ಪೈಮಾಶಿಯಲ್ಲಿ 33 ಅಡಿಯ ಸರಪಳಿ ಹಿಡಿದು ನೆಲ ಅಳೆದರು. 33 ಅಡಿ ಉದ್ದಗಲದ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ನೆಲದ ವಿಸ್ತಾರ ಒಂದು ಕಡೆ, ಅದರ ಗುಣ ಇನ್ನೊಂದು ಕಡೆ ಎಂದು ಬೇರೆಬೇರೆಯಾಗಿ ಬರೆಯುವುದು ಸಾಧ್ಯವಾದದ್ದು ಹೀಗೆ. ಎಕರೆ ಎಂಬ ಇಂಗ್ಲಿಷ್ ಪದದ ಬೆನ್ನಿಗೆ ಇದ್ದದ್ದು ನೆಲವನ್ನು ಬೆಳೆಯಿಂದ ಬಿಡಿಸಿ ನೋಡುವ ಹೊಸ ಕಲ್ಪನೆ. ಆದರೂ ರಾಶಿಯನ್ನು ಅಳೆಯುವಾಗ ಕೊಳಗ, ಖಂಡುಗಗಳೇ ಬಹುಕಾಲ ನಡೆದವು, ಏಕೆಂದರೆ ಕಣದಲ್ಲಿ ಕೆಲಸ ಬದಲಾಗಿರಲಿಲ್ಲ.

ನೀರಿನ ವಿಷಯಕ್ಕೆ ಬಂದರೆ ಹೊಸ ಪದಗಳ ಪ್ರವಾಹ ಥಟ್ಟನೆ ನಿಲ್ಲುತ್ತದೆ. ಕೆರೆ, ಏರಿ, ತೂಬು, ಕೋಡಿ, ಕಾಲುವೆ, ಮಳೆಯಿಲ್ಲದ ತಿಂಗಳಲ್ಲಿ ಮರಳು ತೋಡಿ ಒಸರು ನೀರು ಹಿಡಿಯುವ ತಲಪರಿಗೆ, ನೀರು ಬಿಡುವ ನೀರುಗಂಟಿ: ಈ ಯಾವುದಕ್ಕೂ ಪಾರಸಿಯೋ ಇಂಗ್ಲಿಷೋ ಬದಲಿ ಹೆಸರು ಕೊಡಲಾಗಲಿಲ್ಲ. ಕೆರೆಯನ್ನು ಕಟ್ಟುವ, ಹೂಳೆತ್ತುವ, ಸರದಿಯಲ್ಲಿ ನೀರು ಹಂಚುವ ವ್ಯವಸ್ಥೆ ಊರಿನವರ ಕೈಯಲ್ಲೇ ಇತ್ತು. ಊರಿನ ಕೆಲಸವೂ ಸರ್ಕಾರದ ಲೆಕ್ಕವೂ ಸಂಧಿಸಿದ ಕಡೆ ಮಾತ್ರ ಪದಗಳು ಬೆಸೆದುಕೊಂಡವು. ಕೆರೆ ಕಟ್ಟಿಸಿದವನಿಗೆ ನೆಲದ ಅಥವಾ ಹುಟ್ಟುವಳಿಯ ಒಂದು ಪಾಲು ಬಿಡುವ ಪದ್ಧತಿ ಶಾಸನಗಳಲ್ಲಿ ದಶವಂದ, ದಶಬಂದ ಎಂದು ಬರುತ್ತದೆ. ಬ್ರಿಟಿಷರ ಕಾಲದ ಕಡತಗಳಲ್ಲಿ ಅದೇ ‘ದಶಬಂದ ಇನಾಮು’. ಕೆರೆಯ ಸಂಬಂಧ ಹಳೆಯ ಹೆಸರನ್ನು ಉಳಿಸಿಕೊಂಡಿತು, ತೆರಿಗೆ ವಿನಾಯಿತಿಯ ಸಂಬಂಧ ಅರಬ್ಬಿಯ ಇನಾಮನ್ನು ಪಡೆಯಿತು. ಈ ಜೋಡುಪದದಲ್ಲಿ ಮೇಲಿನ ವಾದಕ್ಕೆ ಬೇಕಾದ ಎರಡೂ ಅರ್ಧಗಳು ಒಟ್ಟಿಗೇ ಸಿಗುತ್ತವೆ.

ಇವೆಲ್ಲ ತೆಲುಗಿಗೆ ಬಂದ ಪದಗಳು, ಗಡಿಯ ಕನ್ನಡ ಅವನ್ನು ತೆಲುಗಿನಿಂದ ಪಡೆಯಿತು, ಆದ್ದರಿಂದ ಇದನ್ನು ಕನ್ನಡದ ಚರಿತ್ರೆ ಎನ್ನಲಾಗದು ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶಾನುಭೋಗರು, ಕರಣಿಕರು ಎರಡು ಮೂರು ಭಾಷೆಗಳಲ್ಲಿ ಲೆಕ್ಕ ಬರೆಯಬಲ್ಲವರಾಗಿದ್ದರು. ಮರಾಠಿ ಬಲ್ಲ ಕಾರಕೂನರು ಕಚೇರಿಗಳಲ್ಲಿದ್ದರು. ಒಂದು ಪದ ಯಾವ ಬಾಗಿಲಿಂದ ಬಂತೆಂದು ಪ್ರತಿಸಲವೂ ಹೇಳಲಾಗದು. ಆದರೆ ಬಂದ ಮೇಲೆ ಅದು ಯಾವ ಭಾಷೆಯ ಮನೆಯಲ್ಲಿ ನೆಲೆಸಿತೆಂಬುದಕ್ಕೆ ಪದದ ರೂಪವೇ ಸಾಕ್ಷಿ. ತೆಲುಗಿನ ಜಿಲ್ಲಾ, ಪರಗಣಾ ಕನ್ನಡದಲ್ಲಿ ಜಿಲ್ಲೆ, ಪರಗಣೆ; ತೆಲುಗಿನ ರೈತು ಕನ್ನಡದಲ್ಲಿ ರೈತ, ಬಹುವಚನದಲ್ಲಿ ರೈತರು. ಪಾರಸಿಯ ‘ದಾರ’ ಪ್ರತ್ಯಯವಂತೂ ತಹಶೀಲ್ದಾರ, ಅಮಲ್ದಾರರನ್ನು ದಾಟಿ ಕನ್ನಡದ ಪದಗಳಿಗೇ ಅಂಟಿತು: ಗುತ್ತಿಗೆದಾರ, ಪಾಲುದಾರ, ಬಾಡಿಗೆದಾರ. ಪ್ರತ್ಯಯವನ್ನೇ ತನ್ನದಾಗಿಸಿಕೊಂಡು ಹೊಸ ಪದ ಕಟ್ಟುವ ಭಾಷೆಯನ್ನು ಬರಿಯ ಸಾಲಗಾರ ಎನ್ನಲು ಬರುವುದಿಲ್ಲ.

ಈ ಪದಗಳಿಂದ ಕನ್ನಡಕ್ಕೆ ನಷ್ಟವಾಯಿತು ಎಂಬ ಇನ್ನೊಂದು ಆಕ್ಷೇಪವಿದೆ. ಆದರೆ ಕಂದಾಯ, ಸುಂಕ, ಗುತ್ತಿಗೆ, ತಳವಾರ ಇಂದಿಗೂ ಬಳಕೆಯಲ್ಲಿವೆ. ಸೇನಬೋವ ಶಾನುಭೋಗನಾಗಿ ಹೊಸ ಕಚೇರಿಯಲ್ಲೂ ಕೆಲಸ ಹಿಡಿದ. ಮರೆಯಾದ ಪದಗಳು ಬಹುಪಾಲು ಮರೆಯಾದ ಹುದ್ದೆ, ಮರೆಯಾದ ತೆರಿಗೆಗಳ ಹೆಸರುಗಳು. ನಷ್ಟ ಆದದ್ದು ಬೇರೆ ಕಡೆ. ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿದವನಿಗೆ ಅದರ ಒಕ್ಕಣೆ ಪೂರ್ತಿ ತಿಳಿಯುತ್ತಿರಲಿಲ್ಲ. ತಿಳಿದ ಬರಹಗಾರ ಅವನ ಮೇಲೆ ಹಿಡಿತ ಸಾಧಿಸಿದ. ದೂರಬೇಕಾದದ್ದು ಪದದ ಮೂಲವನ್ನಲ್ಲ, ಪದದ ಅರ್ಥವನ್ನು ಕೆಲವರ ಸೊತ್ತಾಗಿಟ್ಟ ಏರ್ಪಾಟನ್ನು.

ಈ ವಾದವನ್ನು ಇಂದಿನ ಗಡಿಯಲ್ಲೂ ಒರೆಗೆ ಹಚ್ಚಬಹುದು. ಆಂಧ್ರದಲ್ಲಿ 1984ರಲ್ಲಿ ಊರಿನ ಲೆಕ್ಕ ಬರೆಯುವ ಕರಣಂ ಹುದ್ದೆ ರದ್ದಾಯಿತು, 1985ರಲ್ಲಿ ಮಂಡಲಗಳು ಬಂದವು. ಕರ್ನಾಟಕದ ಪಾವಗಡದ ರೈತನ ಬಾಯಲ್ಲಿ ಇಂದಿಗೂ ಹೋಬಳಿ, ಪಹಣಿ. ಗಡಿಯಾಚೆ ಆಂಧ್ರದ ಮಡಕಶಿರಾದಲ್ಲಿ ಅದೇ ಕನ್ನಡ ಆಡುವ ರೈತನಿಗೆ ಮಂಡಲ, ಪಹಣಿಯ ಬದಲು ಮದ್ರಾಸ್ ಆಡಳಿತದಿಂದ ಬಂದ ಅಡಂಗಲ್. ಹೊಲ, ಬದು, ತೂಬು, ಕೋಡಿಗಳಿಗೆ ಮಾತ್ರ ಇಬ್ಬರದೂ ಒಂದೇ ಮಾತು. ಇದರಿಂದ ಪದ ಕಟ್ಟುವವರಿಗೂ ನಿಘಂಟು ಮಾಡುವವರಿಗೂ ಒಂದು ಪಾಠವಿದೆ. ಆಡಳಿತಕ್ಕೆ ಎಷ್ಟೇ ಅಂದದ ಕನ್ನಡ ಪದ ಕಟ್ಟಿದರೂ, ಜನರ ಕೈಸೇರುವ ಅರ್ಜಿ, ರಸೀದಿ, ಪಹಣಿಗಳಲ್ಲಿ ಅದು ಅಚ್ಚಾಗದಿದ್ದರೆ ಟಿಪ್ಪುವಿನ ತಿಂಗಳುಗಳ ಗತಿಯೇ ಅದಕ್ಕೂ. ಗಡಿಯಾಚೆಯ ಕನ್ನಡಿಗರ ಅಡಂಗಲ್, ಮಂಡಲಗಳನ್ನು ತಪ್ಪು ಕನ್ನಡವೆಂದು ಕೈಬಿಡದೆ ಕನ್ನಡ ನಿಘಂಟಿನಲ್ಲಿ ದಾಖಲಿಸಬೇಕು. ಒಂದೇ ಭಾಷೆ ಎರಡು ಸರ್ಕಾರಗಳ ಕೆಳಗೆ ಹೇಗೆ ಬಾಳಿತೆಂಬ ಚರಿತ್ರೆ ಅವುಗಳಲ್ಲಿದೆ.