ಮೂವತ್ತೊಂಬತ್ತು ಅಂಕಿಗಳ ಅವಿಭಾಜ್ಯ ಸಂಖ್ಯೆ

ವೀರಸೇನಾಚಾರ್ಯರ ‘ಧವಲಾ’ ಟೀಕೆಯಲ್ಲಿ ‘ಅರ್ಧಚ್ಛೇದ’ ಎಂಬ ಗಣಿತ ಪರಿಭಾಷೆಯುಂಟು. ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಎಷ್ಟು ಸಲ ಅರ್ಧಿಸಬಹುದೋ ಅಷ್ಟು ಅದರ ಅರ್ಧಚ್ಛೇದ. 8ಕ್ಕೆ 3, 16ಕ್ಕೆ 4. ಮೂಡಬಿದಿರೆಯ ತಾಳೆಗರಿಗಳಲ್ಲಿ ಉಳಿದುಬಂದ ಈ ಅಳತೆಗೋಲನ್ನು ಹಿಡಿದರೆ ಯೂರೋಪಿನ ಗಣಿತದ ಒಂದು ಪ್ರಸಂಗ ಸುಲಭವಾಗಿ ತಿಳಿಯುತ್ತದೆ. ಎರಡನ್ನೇ ಗುಣಿಸುತ್ತ ಹೋಗಿ 127 ಅರ್ಧಚ್ಛೇದಗಳ ಸಂಖ್ಯೆಯನ್ನು ಪಡೆದು, ಅದರಿಂದ ಒಂದನ್ನು ಕಳೆದರೆ 170141183460469231731687303715884105727 ಬರುತ್ತದೆ. ಒಂದು ಮತ್ತು ತಾನು, ಇವೆರಡರ ಹೊರತು ಇದನ್ನು ಯಾವ ಸಂಖ್ಯೆಯೂ ನಿಶ್ಶೇಷವಾಗಿ ಭಾಗಿಸಲಾರದು.

ಇದನ್ನು ಮೊದಲು ಸಾರಿದವನು ಫ್ರಾನ್ಸಿನ ಸಂನ್ಯಾಸಿ ಮಾರಿನ್ ಮೆರ್ಸೆನ್. ಮಾಂಸವಷ್ಟೇ ಅಲ್ಲ, ಮೊಟ್ಟೆ ಹಾಲುಗಳನ್ನೂ ವರ್ಜಿಸುವ ವ್ರತವಿದ್ದ ಮಿನಿಮ್ ಸಂಘದವನು ಆತ. 1644ರಲ್ಲಿ ಆತ 257ರವರೆಗಿನ ಇಂಥ ಅರ್ಧಚ್ಛೇದಗಳ ಪಟ್ಟಿಯೊಂದನ್ನು ಪ್ರಕಟಿಸಿದ. ಸಾಧನೆಯನ್ನು ಮಾತ್ರ ಕೊಡಲಿಲ್ಲ. ಹದಿನೈದು ಇಪ್ಪತ್ತು ಅಂಕಿಗಳ ಸಂಖ್ಯೆಯನ್ನು ಪರೀಕ್ಷಿಸಲು ಕಾಲವೆಲ್ಲವೂ ಸಾಲದೆಂದು ಆತನೇ ಒಪ್ಪಿಕೊಂಡಿದ್ದ. ಆದರೂ ಪಟ್ಟಿಯಲ್ಲಿ 67, 127, 257 ನಿಶ್ಚಯದ ಧಾಟಿಯಲ್ಲಿಯೇ ನಿಂತವು. ಸಾಧುಜೀವಿಯ ಮಾತೂ ಪರೀಕ್ಷೆಗೆ ಹೊರತಲ್ಲವೆಂಬುದು ತಿಳಿಯಲು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

1876ರಲ್ಲಿ ಫ್ರಾನ್ಸಿನವನೇ ಆದ ಎದುವಾರ್ ಲೂಕಾ ಬೇರೆ ದಾರಿ ಹಿಡಿದ. ಭಾಜಕಗಳನ್ನು ಒಂದೊಂದಾಗಿ ಹುಡುಕುವುದು ಅಸಾಧ್ಯ. ಈ ಸಂಖ್ಯೆಯ ವರ್ಗಮೂಲವೇ 20 ಅಂಕಿಗಳದು. ಆತನ ಉಪಾಯಕ್ಕೆ ಮುಂದೆ ಅಮೆರಿಕದ ಡಿ. ಎಚ್. ಲೆಹ್ಮರ್ ಕೊಟ್ಟ ಸರಳ ರೂಪ ಹೀಗಿದೆ: 4ರಿಂದ ತೊಡಗಿ, ವರ್ಗಿಸಿ, 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಂಡು, ಮತ್ತೆ ಅದನ್ನೇ ಮಾಡುವುದು. ಅರ್ಧಚ್ಛೇದಕ್ಕಿಂತ ಎರಡು ಕಡಿಮೆ ಸಲ ಮಾಡಿದಾಗ ಶೂನ್ಯ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ಏಳು ಅರ್ಧಚ್ಛೇದಗಳ 128ರಿಂದ ಒಂದು ಕಳೆದ 127ನ್ನು ತೆಗೆದುಕೊಂಡರೆ ಶೇಷಗಳು 14, 67, 42, 111, ಐದನೆಯದು 0. ಮನೆಯ ಮಕ್ಕಳೂ ಕಾಗದದ ಮೇಲೆ ಮಾಡಿ ನೋಡಬಹುದು. ಮೇಲಿನ ದೊಡ್ಡ ಸಂಖ್ಯೆಗೆ ಇದೇ ಕ್ರಿಯೆ 125 ಸಲ ಆಗಬೇಕು; ಒಂದು ಅಂಕಿ ತಪ್ಪಿದರೂ ಶ್ರಮವೆಲ್ಲ ವ್ಯರ್ಥ. ಯಂತ್ರದ ನೆರವಿಲ್ಲದೆ ಲೂಕಾ ಅದನ್ನು ಅವಿಭಾಜ್ಯವೆಂದು ಸ್ಥಾಪಿಸಿದ. 1951ರವರೆಗೆ, ಎಪ್ಪತ್ತೈದು ವರ್ಷ, ಅದಕ್ಕಿಂತ ದೊಡ್ಡ ಅವಿಭಾಜ್ಯವನ್ನು ಯಾರೂ ತೋರಿಸಲಿಲ್ಲ.

ಹೀಗೆ 127ರ ಮಾತು ಉಳಿಯಿತು, 67ರದು ಬಿದ್ದಿತು. ಅದು ವಿಭಾಜ್ಯವೆಂದು ಲೂಕಾ 1876ರಲ್ಲೇ ಅರಿತಿದ್ದ, ಆದರೆ ಯಾವುದರಿಂದ ವಿಭಾಜ್ಯವೆಂದು ಅರಿಯಲಿಲ್ಲ. ಇರುವಿಕೆ ಖಚಿತ, ರೂಪ ಅಜ್ಞಾತ: ಇಂಥ ಜ್ಞಾನವೂ ಉಂಟೆಂಬುದು ಆಶ್ಚರ್ಯವೇ ಸರಿ. 1903ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಆ ಭಾಜಕಗಳನ್ನು ಮುಂದಿಟ್ಟ: 193707721 ಮತ್ತು 761838257287. 257 ಕೂಡ ಸುಳ್ಳಾಯಿತು. ಪಟ್ಟಿಯಲ್ಲಿರಬೇಕಿದ್ದ 61, 89, 107 ಬಿಟ್ಟುಹೋಗಿದ್ದವು. ಮೆರ್ಸೆನ್ನನ ಪಟ್ಟಿಯ ಪರಿಶೀಲನೆ ಪೂರ್ಣವಾದದ್ದು 1947ರಲ್ಲಿ, ಆತ ಬರೆದ 303 ವರ್ಷಗಳ ಬಳಿಕ.