ಭೂಮಿಯಿಂದ ಬೆಂಬಲ ಬೆಲೆಗೆ: ತೆಂಗು ಸೀಮೆಯಿಂದ ಕಂಡ ಬಲಪಂಥೀಯ ರಾಜಕಾರಣ

ಕರ್ನಾಟಕದ ಬಲಪಂಥೀಯ ರಾಜಕಾರಣದ ಚರಿತ್ರೆಯನ್ನು ಸಾಮಾನ್ಯವಾಗಿ ಜನಸಂಘದಿಂದ ಬಿಜೆಪಿಯವರೆಗಿನ ಬೆಳವಣಿಗೆಯಾಗಿಯೇ ಬರೆಯಲಾಗಿದೆ. ಆದರೆ ಬಿಜೆಪಿ ಬೆಳೆಯುವ ಮೊದಲು, ಜನಸಂಘಕ್ಕಿಂತ ಬಲವಾದ ಇನ್ನೊಂದು ಧಾರೆ ಇಲ್ಲಿತ್ತು. ರೈತನ ಹೊಲಕ್ಕಾಗಲಿ ವ್ಯಾಪಾರಿಯ ಅಂಗಡಿಗಾಗಲಿ ಸರ್ಕಾರ ಕೈಹಾಕಬಾರದು ಎಂಬುದು ಅದರ ನಿಲುವು. ಅದು ಹೇಗೆ ಬತ್ತಿತು ಎಂಬುದನ್ನು ಕಂದಿಕೆರೆ ಹೋಬಳಿಯೂ ಸೇರಿದಂತೆ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗು ಸೀಮೆಯನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

1959ರ ಜನವರಿಯಲ್ಲಿ ನಾಗಪುರ ಕಾಂಗ್ರೆಸ್ ಅಧಿವೇಶನ ಸಹಕಾರಿ ಬೇಸಾಯದ ನಿರ್ಣಯ ಅಂಗೀಕರಿಸಿತು. ಅದನ್ನು ವಿರೋಧಿಸಿ ಅದೇ ವರ್ಷ ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿದರು. ಮೈಸೂರು ವಿಧಾನಸಭೆಯಲ್ಲಿ 1962ರಲ್ಲಿ 9 ಇದ್ದ ಅದರ ಸ್ಥಾನಗಳು 1967ರಲ್ಲಿ 16ಕ್ಕೇರಿದವು. ಆಗ ಜನಸಂಘಕ್ಕೆ ದಕ್ಕಿದ್ದು 4. ಉಡುಪಿಯಿಂದ ಜೆ.ಎಂ. ಲೋಬೊ ಪ್ರಭು, ಚಿತ್ರದುರ್ಗದಿಂದ ಜೆ. ಮಹಮದ್ ಇಮಾಂ ಈ ಪಕ್ಷದಿಂದಲೇ ಲೋಕಸಭೆಗೆ ಹೋದರು. ಇಬ್ಬರೂ ಬಹುಸಂಖ್ಯಾತ ಧರ್ಮದವರಲ್ಲ. ಅಂದಿನ ಬಲಪಂಥವನ್ನು ಕಟ್ಟಿದ್ದು ಆಸ್ತಿಯ ಹಕ್ಕು, ಧರ್ಮವಲ್ಲ ಎಂಬುದಕ್ಕೆ ಇದು ಸಾಕ್ಷಿ. ತುಮಕೂರು ಮಾತ್ರ ಆ ವರ್ಷ ಪ್ರಜಾ ಸೋಷಲಿಸ್ಟ್ ಪಕ್ಷದ ಕೆ. ಲಕ್ಕಪ್ಪ ಅವರನ್ನು ಗೆಲ್ಲಿಸಿತು.

1969ರ ಕಾಂಗ್ರೆಸ್ ಒಡಕಿನ ನಂತರ ನಿಜಲಿಂಗಪ್ಪ, ವೀರೇಂದ್ರ ಪಾಟೀಲರ ಸಂಸ್ಥಾ ಕಾಂಗ್ರೆಸ್ ಭೂಮಾಲೀಕ ವರ್ಗಗಳ ಆಸರೆಯಾಯಿತು. ಆದರೆ 1971ರಲ್ಲಿ ರಾಜ್ಯದ 27 ಲೋಕಸಭಾ ಸ್ಥಾನಗಳನ್ನೂ ಇಂದಿರಾ ಕಾಂಗ್ರೆಸ್ ಬಾಚಿಕೊಂಡಿತು. ದೇವರಾಜ ಅರಸು ಸರ್ಕಾರದ 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿಸಿತು. ಅದೇ ವರ್ಷ ಸ್ವತಂತ್ರ ಪಕ್ಷ ಚರಣ್ ಸಿಂಗರ ಭಾರತೀಯ ಲೋಕದಳದಲ್ಲಿ ವಿಲೀನವಾಯಿತು. ಸಂಸ್ಥಾ ಕಾಂಗ್ರೆಸ್ 1977ರಲ್ಲಿ ಜನತಾ ಪಕ್ಷ ಸೇರಿತು.

ಈ ಧಾರೆಯ ಸೋಲಿಗೆ ಚುನಾವಣೆಯಷ್ಟೇ ಕಾರಣವಲ್ಲ. ಬೆಳೆಯ ಸ್ವಭಾವವೂ ಕಾರಣ. ತೆಂಗು ಸೀಮೆಯ ರೈತ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಗಿಟುಕು, ಅಂದರೆ ಉಂಡೆ ಕೊಬ್ಬರಿ, ಆಗುವ ತನಕ ತಿಂಗಳುಗಟ್ಟಲೆ ಕಾಯುತ್ತಾನೆ. ಅಷ್ಟರಲ್ಲಿ ತಿಪಟೂರು ಮಾರುಕಟ್ಟೆಯ ಧಾರಣೆ ಕುಸಿದರೆ ವರ್ಷದ ಗಳಿಕೆಯೇ ಹೋಯಿತು. ಹೀಗಾಗಿ ಮುಕ್ತ ಮಾರುಕಟ್ಟೆಯ ವಾದ ಅವನಿಗೆ ರುಚಿಸುವಂಥದ್ದಲ್ಲ. ಅವನು ಕೇಳುವುದು ನಾಫೆಡ್ ಖರೀದಿ ಮತ್ತು ಬೆಂಬಲ ಬೆಲೆ. ಉಂಡೆ ಕೊಬ್ಬರಿಗೆ ಕೇಂದ್ರ 2023ರಲ್ಲಿ ಕ್ವಿಂಟಲ್‌ಗೆ 11,750, 2024ರಲ್ಲಿ 12,000 ರೂಪಾಯಿ ನಿಗದಿ ಮಾಡಿದಾಗ, ಅದು ಸಾಲದು ಎಂಬ ಕೂಗು ಎಲ್ಲ ಪಕ್ಷಗಳ ಬೆಂಬಲಿಗರದ್ದೂ ಆಗಿತ್ತು.

ಬಿಜೆಪಿ ಬೆಳೆದದ್ದು ಈ ವಾಸ್ತವ ಒಪ್ಪಿಕೊಂಡು. 1991ರಲ್ಲಿ ತುಮಕೂರಿನಿಂದ ಗೆದ್ದ ಎಸ್. ಮಲ್ಲಿಕಾರ್ಜುನಯ್ಯ ಲೋಕಸಭೆಯ ಉಪಾಧ್ಯಕ್ಷರಾದರು. ಅಯೋಧ್ಯೆ ಚಳವಳಿ, ಹುಬ್ಬಳ್ಳಿ ಈದ್ಗಾ ವಿವಾದ, ಲಿಂಗಾಯತ ಬೆಂಬಲ ಪಕ್ಷವನ್ನು ಬೆಳೆಸಿದವು. ಅಧಿಕಾರ ಸಿಕ್ಕ ಮೇಲೆ ಯಡಿಯೂರಪ್ಪ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟರು, 2011ರಲ್ಲಿ ಪ್ರತ್ಯೇಕ ಕೃಷಿ ಬಜೆಟ್ ಮಂಡಿಸಿದರು. ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ಮಾಡಿದ 2020ರ ಭೂಸುಧಾರಣಾ ತಿದ್ದುಪಡಿ ಮಾತ್ರ ಸ್ವತಂತ್ರ ಪಕ್ಷದ ಹಳೆಯ ವಾದವನ್ನು ನೆನಪಿಸಿತು. ಆಗ ಕಾನೂನು ಸಚಿವರಾಗಿದ್ದವರು ಚಿಕ್ಕನಾಯಕನಹಳ್ಳಿಯ ಶಾಸಕ ಜೆ.ಸಿ. ಮಾಧುಸ್ವಾಮಿ.

ಅಮೆರಿಕದ ಬಲಪಂಥೀಯ ರಿಪಬ್ಲಿಕನ್ ಪಕ್ಷದಲ್ಲೂ ಬದಲಾವಣೆ ಇದೇ ದಿಕ್ಕಿನದು. 1964ರಲ್ಲಿ ಗೋಲ್ಡ್‌ವಾಟರ್, 1980ರಲ್ಲಿ ರೇಗನ್ ಸಾರಿದ ಚಿಕ್ಕ ಸರ್ಕಾರ, ಮುಕ್ತ ವ್ಯಾಪಾರದ ಜಾಗಕ್ಕೆ ಟ್ರಂಪ್ ಕಾಲದಲ್ಲಿ ಆಮದು ಸುಂಕವೂ ರಾಷ್ಟ್ರೀಯತೆಯೂ ಬಂದವು. ಒಂದು ವ್ಯತ್ಯಾಸವಿದೆ: ಅಲ್ಲಿ ಒಂದೇ ಪಕ್ಷ ತನ್ನ ನಂಬಿಕೆಗಳನ್ನು ಬದಲಿಸಿಕೊಂಡಿತು, ಇಲ್ಲಿ ಹಳೆಯ ನಂಬಿಕೆಯ ಪಕ್ಷಗಳೇ ಅಳಿದು, ಅವುಗಳ ಮತದಾರರು ಬೇರೆ ಬೇರೆ ಪಕ್ಷಗಳಿಗೆ ಹಂಚಿಹೋದರು. ಆದ್ದರಿಂದ ಕರ್ನಾಟಕದ ಬಲಪಂಥವನ್ನು ಒಂದೇ ಅಖಂಡ ಪರಂಪರೆಯೆಂದು ಬರೆಯುವುದು ಚರಿತ್ರೆಗೆ ಒಪ್ಪುವ ಮಾತಲ್ಲ.