ಅಳಿದ ಕಟ್ಟಡ, ಉಳಿದ ನೆನಪು: ಒಂದು ವಾಸ್ತುಶಿಲ್ಪ ಪರಂಪರೆಯ ಸಮೀಕ್ಷೆ

ಚಾರಿತ್ರಿಕ ಕಟ್ಟಡವೊಂದು ಬೆಂಕಿಗೋ ಬಾಂಬಿಗೋ ತುತ್ತಾದಾಗ ವಾಸ್ತುಶಿಲ್ಪಿಯ ಮುಂದೆ ಮೂರು ದಾರಿಗಳಿರುತ್ತವೆ: ಇದ್ದಂತೆಯೇ ಮತ್ತೆ ಕಟ್ಟುವುದು, ಅಳಿದುಳಿದದ್ದನ್ನು ಹಾಗೇ ಕಾಪಾಡುವುದು, ಇಲ್ಲವೇ ಹಳೆಯದರ ಗುರುತು ಉಳಿಯುವಂತೆ ಹೊಸದನ್ನು ಕಟ್ಟುವುದು. ಮೂರನೆಯ ದಾರಿ ಒಂದು ಶಿಸ್ತಾಗಿ ಬೆಳೆದದ್ದು ಎರಡನೆಯ ಮಹಾಯುದ್ಧದ ನಂತರ.

ಮೊದಲೆರಡು ದಾರಿಗಳ ಜಗಳ ಹತ್ತೊಂಬತ್ತನೆಯ ಶತಮಾನದ್ದು. ಫ್ರಾನ್ಸಿನ ವಿಯೊಲೆ-ಲ-ದ್ಯುಕ್ ಹಳೆಯ ಚರ್ಚುಗಳ, ಕೋಟೆಗಳ ಜೀರ್ಣೋದ್ಧಾರ ಮಾಡುವಾಗ ಹಿಂದೆ ಇಲ್ಲದಿದ್ದ ಭಾಗಗಳನ್ನೂ ಸೇರಿಸಿ ಅವನ್ನು ಪರಿಪೂರ್ಣಗೊಳಿಸಲು ಹೊರಟರು. ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲಿ ಇಂಥ ಜೀರ್ಣೋದ್ಧಾರವನ್ನು ಕಟುವಾಗಿ ಖಂಡಿಸಿದರು. ಅವರಿಗೆ ಕಟ್ಟಡದ ಹಿರಿಮೆ ಇದ್ದದ್ದು ಅದರ ವಯಸ್ಸಿನಲ್ಲಿ. 1877ರಲ್ಲಿ ವಿಲಿಯಂ ಮಾರಿಸ್ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘವನ್ನೇ ಕಟ್ಟಿದರು.

ಯುದ್ಧವು ಊರಿಗೆ ಊರನ್ನೇ ಕೆಡವಿದಾಗ ಈ ಚರ್ಚೆ ಬೀದಿಗೆ ಬಂತು. ವಾರ್ಸಾದ ಜನ ತಮ್ಮ ಹಳೆಯ ಪೇಟೆಯನ್ನು ಇದ್ದಂತೆಯೇ ಮತ್ತೆ ಕಟ್ಟಿಕೊಂಡರು. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಯುದ್ಧಕ್ಕೆ ಮೊದಲೇ ಬರೆದಿಟ್ಟಿದ್ದ ಅಳತೆಯ ನಕ್ಷೆಗಳು ಅದಕ್ಕೆ ಆಧಾರವಾದವು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಬೇಸಿಲ್ ಸ್ಪೆನ್ಸ್ 1940ರ ದಾಳಿಯಲ್ಲಿ ಸುಟ್ಟ ಕೆತೆಡ್ರಲ್‌ನ ಪಾಳುಗೋಡೆಗಳನ್ನು ಮುಟ್ಟದೆ, ಪಕ್ಕದಲ್ಲೇ ಹೊಸದನ್ನು ಕಟ್ಟಿದರು. 1962ರಲ್ಲಿ ಅದರ ಪ್ರತಿಷ್ಠಾಪನೆಯಾಯಿತು.

ಇವೆರಡಕ್ಕಿಂತ ಮುಂದಿನವರಿಗೆ ಹೆಚ್ಚು ದಾರಿ ತೋರಿಸಿದ್ದು ಮ್ಯೂನಿಕ್‌ನ ಆಲ್ಟೆ ಪಿನಾಕೊಥೆಕ್ ಕಲಾ ಸಂಗ್ರಹಾಲಯ. ಬಾಂಬು ಬಿದ್ದು ಅದರ ಉದ್ದನೆಯ ಮುಖಭಾಗದ ನಡುಗೋಡೆಯೇ ಹೋಗಿತ್ತು. ಉಳಿದದ್ದನ್ನೂ ಕೆಡವಬೇಕೆಂಬ ಮಾತು ಎದ್ದಾಗ ವಾಸ್ತುಶಿಲ್ಪಿ ಹಾನ್ಸ್ ಡೋಲ್‌ಗಾಸ್ಟ್ ಅಡ್ಡ ನಿಂತರು. ನಗರದ ಅವಶೇಷಗಳಿಂದ ಆಯ್ದ ಇಟ್ಟಿಗೆಯಲ್ಲೇ ಆ ತೆರಪನ್ನು ಮುಚ್ಚಿಸಿದರು. ಕಿಟಕಿಗಳ ಸಾಲು, ಎತ್ತರ ಎಲ್ಲವೂ ಹಳೆಯದರಂತೆಯೇ; ಅಲಂಕಾರ ಮಾತ್ರ ಇಲ್ಲ. 1957ರಲ್ಲಿ ಮತ್ತೆ ತೆರೆದ ಆ ಕಟ್ಟಡದಲ್ಲಿ ಗಾಯದ ಅಗಲ ಎಷ್ಟೆಂಬುದು ಇಂದಿಗೂ ದೂರದಿಂದಲೇ ಕಾಣುತ್ತದೆ.

ಸ್ಮಾರಕಗಳ ಸಂರಕ್ಷಣೆಯ ಕುರಿತ 1964ರ ವೆನಿಸ್ ಸನ್ನದು ಈ ಬಗೆಯ ವಿವೇಕಕ್ಕೆ ನಿಯಮದ ರೂಪ ಕೊಟ್ಟಿತು. ಬದಲಿ ಭಾಗಗಳು ಒಟ್ಟಂದಕ್ಕೆ ಹೊಂದಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತು ಸಿಗಬೇಕು ಎಂಬುದು ಅದರ ತಿರುಳು. ಏನೂ ಉಳಿಯದಿದ್ದರೆ? ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅವರ ಮನೆಯನ್ನು 1812ರಲ್ಲೇ ಕೆಡವಲಾಗಿತ್ತು. ಮತ್ತೆ ಕಟ್ಟುವಷ್ಟು ದಾಖಲೆ ಇರಲಿಲ್ಲ. ರಾಬರ್ಟ್ ವೆಂಚುರಿ, ಡೆನಿಸ್ ಸ್ಕಾಟ್ ಬ್ರೌನ್ ಅವರ ತಂಡ ಊಹೆಯ ಮನೆ ಕಟ್ಟಲು ಹೋಗಲಿಲ್ಲ. ಮನೆಯ ಹೊರಗೆರೆಯನ್ನಷ್ಟೇ ತೋರುವ ಉಕ್ಕಿನ ಚೌಕಟ್ಟನ್ನು 1976ರಲ್ಲಿ ಅಲ್ಲಿ ನಿಲ್ಲಿಸಿತು.

ಪರಂಪರೆಯ ನೈಜತೆಯ ಕುರಿತ 1994ರ ನಾರಾ ದಾಖಲೆ ಇನ್ನೊಂದು ಬಾಗಿಲು ತೆರೆಯಿತು. ಜಪಾನಿನ ಇಸೆ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸ ಮರದಲ್ಲಿ ಕಟ್ಟುತ್ತಾರೆ. ಅಲ್ಲಿ ನೆನಪು ಉಳಿಯುವುದು ಕೈಕಸುಬಿನಲ್ಲಿ, ಆಚರಣೆಯಲ್ಲಿ. ಪ್ರತಿ ಸಂಸ್ಕೃತಿಯ ಪರಂಪರೆಯನ್ನೂ ಅದರದೇ ಮಾನದಂಡದಿಂದ ಅಳೆಯಬೇಕೆಂದು ನಾರಾ ಒಪ್ಪಿಕೊಂಡಿತು.

ಈ ಎಲ್ಲ ಪಾಠಗಳು ಕೂಡಿದ ಕೆಲಸ ಬರ್ಲಿನ್ನಿನ ನೊಯೆಸ್ ಮ್ಯೂಸಿಯಂ. ವಾಸ್ತುಶಿಲ್ಪಿ ಸ್ಟ್ಯೂಲರ್ ಕಟ್ಟಿದ ಈ ಸಂಗ್ರಹಾಲಯ ಯುದ್ಧದಲ್ಲಿ ಮುರಿದು, ದಶಕಗಟ್ಟಲೆ ಮಳೆಗಾಳಿಗೆ ಮೈಯೊಡ್ಡಿತ್ತು. ಡೇವಿಡ್ ಚಿಪ್ಪರ್‌ಫೀಲ್ಡ್ ಮತ್ತು ಜೂಲಿಯನ್ ಹ್ಯಾರಪ್ ಅದನ್ನು ಎತ್ತಿ ನಿಲ್ಲಿಸಿದರು. 2009ರಲ್ಲಿ ಬಾಗಿಲು ತೆರೆಯಿತು. ನಡುವಿನ ಮಹಾ ಮೆಟ್ಟಿಲಿನ ಬಳಿ ನಿಂತವರಿಗೆ ಅವರ ವಿಚಾರ ತಾನಾಗಿ ತಿಳಿಯುತ್ತದೆ. ಮೆಟ್ಟಿಲಿನ ಏರಿಕೆ ಹಳೆಯದೇ, ಮೈ ಮಾತ್ರ ಅಮೃತಶಿಲೆಯ ಚೂರು ಬೆರೆಸಿದ ಬಿಳಿ ಕಾಂಕ್ರೀಟು. ಸುತ್ತಲ ಇಟ್ಟಿಗೆ ಗೋಡೆಗಳಿಗೆ ಗಾರೆ ಬಳಿದಿಲ್ಲ. ಬಿದ್ದುಹೋದ ಭಾಗಗಳನ್ನು ಬೇರೆಡೆಯಿಂದ ತಂದ ಹಳೆಯ ಇಟ್ಟಿಗೆಯಲ್ಲೇ ಕಟ್ಟಿದ್ದಾರೆ.

ಕರ್ನಾಟಕದಲ್ಲೂ ಈ ಕಥೆಯ ಎಳೆಗಳಿವೆ. ಮೈಸೂರಿನ ಮರದ ಅರಮನೆ 1897ರಲ್ಲಿ ಸುಟ್ಟಾಗ ಹೆನ್ರಿ ಇರ್ವಿನ್ ಅದೇ ಜಾಗದಲ್ಲಿ ಕಲ್ಲು, ಕಬ್ಬಿಣಗಳ ಅರಮನೆ ವಿನ್ಯಾಸ ಮಾಡಿದರು. 1912ರಲ್ಲಿ ಅದು ಮುಗಿಯಿತು. ಕಟ್ಟಡ ಹೊಸದಾದರೂ ದಸರಾ ದರ್ಬಾರು ಮುಂದುವರಿಯಿತು. ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು 2008ರಲ್ಲಿ ಮ್ಯಾಥ್ಯೂ ಮತ್ತು ಘೋಷ್ ಅವರ ವಿನ್ಯಾಸದಲ್ಲಿ ಫ್ರೀಡಂ ಪಾರ್ಕ್ ಆಯಿತು. ಕಾವಲು ಗೋಪುರ, ಬ್ಯಾರಕ್ ಉಳಿದವು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಬಂಧಿಸಿಟ್ಟಿದ್ದ ಆವರಣದಲ್ಲೇ ಇಂದು ಜನ ಪ್ರತಿಭಟನೆಗೆ ಕೂರುತ್ತಾರೆ.

ವಾರ್ಸಾಕ್ಕೆ ನಕ್ಷೆಗಳಿದ್ದವು, ಮ್ಯೂನಿಕ್‌ಗೆ ಇಟ್ಟಿಗೆಗಳಿದ್ದವು. ಎರಡೂ ಇಲ್ಲದ ಫಿಲಡೆಲ್ಫಿಯಾಕ್ಕೆ ಬರಿಯ ಹೊರಗೆರೆ ಸಿಕ್ಕಿತು. ಎಂಥ ಪ್ರತಿಭಾವಂತನೂ ದಾಖಲೆ, ಅವಶೇಷಗಳಿಲ್ಲದೆ ಹೆಚ್ಚೇನೂ ಮಾಡಲಾರ. ಆದ್ದರಿಂದ ಹಳೆಯ ಶಾಲೆ, ಛತ್ರ, ಮಾರುಕಟ್ಟೆ ಕೆಡವಲು ಅನುಮತಿ ಕೊಡುವ ಮುನ್ನ ನಗರಸಭೆಗಳು ಅಳತೆಯ ನಕ್ಷೆ ಮತ್ತು ಛಾಯಾಚಿತ್ರಗಳನ್ನು ಕಡ್ಡಾಯ ಮಾಡಲಿ. ಬಾಗಿಲು, ತೊಲೆ, ಕಂಬಗಳನ್ನು ಗುಜರಿಗೆ ಕಳಿಸದೆ ತೆಗೆದಿಡಲಿ. ಮುಂದೆ ಕಟ್ಟುವವರಿಗೆ ನಾವು ಕೊಡಬಹುದಾದದ್ದು ಅದೇ.